ಸಾಬಣ್ಣನ ಫರಸಿ

೧೯೬೧ರಲ್ಲಿ ನಾನು ಶಾಲೆ ಬಿಟ್ಟೆ. ಆರನೇ ಇಯತ್ತೆ ಇನ್ನೂ ಅರ್ಧ ಉಳಿದಿತ್ತು. ಕೊನೆಯ ದಿನ ಮಾಸ್ತರರು ಹಲಗೆಯ ಮೇಲೆ ಒಂದು ಆಕೃತಿ ಬರೆದು, "ಚೌಕ ಅಂದರೆ ನಾಲ್ಕೂ ಬದಿ ಸಮ ಇರುವ ಆಕೃತಿ, ಮತ್ತು..." ಅನ್ನುವಷ್ಟರಲ್ಲಿ ಗಂಟೆ ಹೊಡೆಯಿತು. "ಉಳಿದದ್ದು ನಾಳೆ" ಅಂದರು. ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನು ರಸ್ತೆಗೆ ಜಲ್ಲಿ ಒಡೆಯುವ ಕೆಲಸಕ್ಕೆ ಕರೆದುಕೊಂಡು ಹೋದ. ಆ "ಮತ್ತು" ಆದ ಮೇಲೆ ಏನಿತ್ತು ಅನ್ನುವುದು ನನಗೆ ಗೊತ್ತಾಗಿದ್ದು ಒಂಬತ್ತು ವರ್ಷದ ಮೇಲೆ, ಮಲಾಡದ ಒಂದು ಹೋಟೆಲಿನ ನೆಲದ ಮೇಲೆ. ಅಷ್ಟೊತ್ತಿಗೆ ಒಬ್ಬರ ಹೆಸರು ಕೆಟ್ಟು ಹೋಗಿತ್ತು.

ನನ್ನ ಹೆಸರು ಭೀಮಶಿ. ಬಾಗಲಕೋಟೆ ಕಡೆಯವನು. ಮೂವತ್ತೇಳು ವರ್ಷ ಮುಂಬಯಿಯಲ್ಲಿ ಮಂಡಿ ಊರಿ ಫರಸಿ ಹಾಸಿದ್ದೇನೆ. ಫರಸಿ ಅಂದರೆ ನೆಲಕ್ಕೆ ಹಾಸುವ ಕಲ್ಲು, ಹಾಸಿದ ನೆಲಕ್ಕೂ ಅದೇ ಹೆಸರು. ಈಗ ಮಂಡಿ ಮಡಚುವುದಿಲ್ಲ. ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಮಲಾಡದ ನಾಕಾದಲ್ಲಿ, ರಸ್ತೆಗಳು ಕೂಡುವ ಜಾಗದಲ್ಲಿ, ಬೆಳಿಗ್ಗೆ ಕೆಲಸಕ್ಕೆ ಕಾಯುತ್ತ ನಿಲ್ಲುವ ನಮ್ಮ ಕಡೆಯ ಹುಡುಗರು, "ಕಾಕಾ, ನಮಗೂ ಒಂಚೂರು ಕಲಸ್ರಿ" ಅನ್ನುತ್ತಾರೆ. ಕೂತು ತೋರಿಸುವ ಶಕ್ತಿ ಇಲ್ಲದ್ದಕ್ಕೆ ಬರೆಯುತ್ತಿದ್ದೇನೆ.

ಬರೆಯಲು ಇನ್ನೊಂದು ಕಾರಣ ಇದೆ. ಅದೇ ನಾಕಾದಲ್ಲಿ, ಯಾರಾದರೂ ಸೊಟ್ಟ ಕೆಲಸ ಮಾಡಿದರೆ, "ಏನಲೇ, ಸಾಬಣ್ಣನ ಫರಸಿ ಹಾಕಿದೇನು?" ಅಂತ ನಗುತ್ತಾರೆ. ಸಾಬಣ್ಣ ಯಾರು ಅಂತ ಕೇಳಿ ನೋಡಿ, ನಗುವವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಆ ಸೊಟ್ಟ ಫರಸಿ ಸಾಬಣ್ಣ ಮೇಸ್ತ್ರಿಯದಲ್ಲ. ನನ್ನದು.

೧೯೬೭ರಲ್ಲಿ ಮುಂಬಯಿಗೆ ಬಂದೆ. ಮಲಾಡ ಸ್ಟೇಶನ್ನಿನಿಂದ ಅರ್ಧ ತಾಸು ನಡೆದರೆ ನಮ್ಮ ಚಾಳು, ಒಂದು ಖೋಲಿಯಲ್ಲಿ ಎಂಟು ಜನ. ಆ ಎಂಟೂ ಜನರಿಗೆ ಸಾಬಣ್ಣ ಮೇಸ್ತ್ರಿ. ಶಹಾಬಾದ ಕಡೆಯವರು, ಕಲ್ಲಿನ ಖಣಿಯ ಪಕ್ಕದಲ್ಲೇ ಹುಟ್ಟಿ ಬೆಳೆದವರು. ಆಗಲೇ ಐವತ್ತರ ಹತ್ತಿರ ಇದ್ದರು. ಸಹಿ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದರು. ನಾನು ಮೊದಲನೇ ದಿನವೇ ಸೊಕ್ಕಿನಿಂದ, ಆರನೇ ಇಯತ್ತೆ ತನಕ ಓದೀನಿ ಅಂದೆ.

"ಛಲೋ ಆತು ಬಿಡು" ಅಂದರು ಮೇಸ್ತ್ರಿ. "ಓದಿದವರು ಹೊತ್ತ ಕಲ್ಲು ಹಗುರ ಇರ್ತದೋ ಏನೋ, ನೋಡೂಣು. ಹೊರು."

ಮೂರು ತಿಂಗಳು ಹೊತ್ತೆ. ಉಳಿ ಮುಟ್ಟಿಸಲಿಲ್ಲ. ಹೊರುವಾಗ ಕಲ್ಲಿನ ಪರಿಚಯ ಆಗಲಿ ಅಂತ ಅವರ ಲೆಕ್ಕ. ಕಲ್ಲಿನಲ್ಲಿ ಮೂರು ಕುಲ ಅನ್ನುತ್ತಿದ್ದರು. ಒಂದು, ನೆಲದೊಳಗಿಂದ ಕುದ್ದು ಬಂದು ಆರಿದ್ದು. ಪವಾಯಿ ಕಡೆಯ ಗುಡ್ಡದ ಕರಿಕಲ್ಲು ಈ ಕುಲದ್ದು. ಅದರಲ್ಲಿ ಪದರ ಇಲ್ಲ, ಆದ್ದರಿಂದ ನೀವು ಹೇಳಿದ ಕಡೆ ಒಡೆಯುವುದಿಲ್ಲ, ತನಗೆ ಬೇಕಾದ ಕಡೆ ಒಡೆಯುತ್ತದೆ. ಎರಡನೆಯದು, ನೀರಿನ ತಳದಲ್ಲಿ ಕೆಸರು ಕೂತು ಕೂತು ಗಟ್ಟಿಯಾದದ್ದು. ನಮ್ಮ ಶಹಾಬಾದಿ, ಆಂಧ್ರದ ಕರಿ ಕಡಪಾ ಇವು ಈ ಕುಲ. ಇವಕ್ಕೆ ರೊಟ್ಟಿ ಒಟ್ಟಿದಂತೆ ಪದರ ಇರುತ್ತದೆ. ಉಳಿಯನ್ನು ಪದರದ ಬಾಯಿಗೆ ಇಟ್ಟರೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಅಡ್ಡ ಹೊಡೆದರೆ ಚೂರು. ಮೂರನೆಯದು, ಆ ಕೆಸರಿನ ಕಲ್ಲೇ ಭೂಮಿಯೊಳಗೆ ಮತ್ತೆ ಬೆಂದು ರೂಪ ಬದಲಿಸಿದ್ದು. ಸಂಗಮರವರಿ ಕಲ್ಲು, ಅಂದರೆ ಮಾರ್ಬಲ್, ಅದು.

"ಇದೆಲ್ಲಾ ನಿಮಗ್ಯಾರು ಹೇಳಿದ್ರು ಮೇಸ್ತ್ರಿ?"

"ನಮ್ಮ ಖಣಿಗೆ ಒಬ್ಬ ಸಾಹೇಬ ಬರ್ತಿದ್ದ, ಕಲ್ಲಿನ ಡಾಕ್ಟರ. ಅರ್ಧ ಅವ ಹೇಳಿದ್ದು, ಅರ್ಧ ನಾ ಸೇರಿಸಿದ್ದು. ನೀ ಎರಡನ್ನೂ ನಂಬು, ಕೆಲಸ ನಡೀತದ."

ಪರೀಕ್ಷೆ ಮೂರು ಬಗೆ. ಸುತ್ತಿಗೆಯ ಹಿಡಿಯಿಂದ ತಟ್ಟಿ. ಗಂಟೆಯ ಹಾಗೆ ನುಡಿದರೆ ಆರೋಗ್ಯ ಚೆನ್ನಾಗಿದೆ. ಬದ್ ಅಂದರೆ ಒಳಗೆ ಬಿರುಕಿದೆ, ಹೊರಗೆ ಎಷ್ಟೇ ಚಂದ ಇರಲಿ ಬಿಡಿ. ಎರಡನೆಯದು ನೀರು. ಒಂದು ಬೊಗಸೆ ಸುರಿದು ಒಂದು ಬೀಡಿ ಮುಗಿಯುವ ತನಕ ಕಾಯಿರಿ. ನೀರು ಕುಡಿದ ಕಲ್ಲನ್ನು ಮೋರಿಗೆ, ಸ್ನಾನದ ಮನೆಗೆ ಹಾಕಬೇಡಿ. ಮೂರನೆಯದು ನಿಂಬೆಹಣ್ಣು. ಒಂದು ಹನಿ ಬಿಟ್ಟು ಒರೆಸಿದರೆ ಹೊಳಪು ಹೋಗಿ ಬಿಳಿಚಿಕೊಂಡಿತೋ, ಅದು ಸುಣ್ಣದ ಕುಲದ ಕಲ್ಲು, ಹುಳಿಗೆ ಹೆದರುತ್ತದೆ. ಕರಿಕಲ್ಲಿಗೆ ಹೆದರಿಕೆ ಇಲ್ಲ.

ನಿಂಬೆಹಣ್ಣಿನ ಮಾತು ಬಂತು ಅಂತ ಒಂದು ಹೇಳುತ್ತೇನೆ. ಬೊರಿವಲಿಯಲ್ಲಿ ಹೊಸ ಬಿಲ್ಡಿಂಗ್. ಎಂಜಿನಿಯರ್ ಸಾಹೇಬ ಆಗಷ್ಟೇ ಕಾಲೇಜು ಮುಗಿಸಿ ಬಂದಿದ್ದ. ಅಡಿಗೆ ಕಟ್ಟೆಗೆಲ್ಲ ಹೊಳಪು ಮಾರ್ಬಲ್ ಹಾಕಿ ಅಂದ. ಮೇಸ್ತ್ರಿ ಕೈ ಮುಗಿದು, "ಸಾಹೇಬ್ರ, ಅಡಿಗಿಮನಿಗೆ ಪಾಲಿಶ್ ಇಲ್ಲದ ಕಡಪಾ ಹಾಕೂಣು" ಅಂದರು.

"ಕಡಪಾಗೂ ಹುಳಿ ತಾಗುತ್ತಲ್ಲ?" ಅಂತ ಆತ ಪುಸ್ತಕದ ಪ್ರಶ್ನೆ ಹಾಕಿದ.

"ತಾಗತದ್ರಿ. ಆದ್ರ ಹೊಳಪಽ ಇಲ್ಲದ್ದಕ್ಕ ಕಳಕೊಳ್ಳೂದೇನದ?"

ಸಾಹೇಬ ಕೇಳಲಿಲ್ಲ. ಎರಡು ತಿಂಗಳಿಗೆ ಎಲ್ಲಾ ಮನೆಯ ಹೆಣ್ಣುಮಕ್ಕಳೂ ಒಟ್ಟಾಗಿ ಕೆಳಗೆ ಬಂದರು. ಒಬ್ಬರ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬಟ್ಟಲಿನ ಗುರುತು, ಇನ್ನೊಬ್ಬರದರ ಮೇಲೆ ಹೋಳು ನಿಂಬೆಯ ಗುರುತು, ಸರಕಾರಿ ಶಿಕ್ಕಾ ಹೊಡೆದ ಹಾಗೆ. ಬೈಸಿಕೊಂಡದ್ದು ನಾವು. ಆ ನೆಲ, ಕಟ್ಟೆ ಎಲ್ಲಾ ಸಾಬಣ್ಣನ ಹೆಸರಿನಲ್ಲಿದ್ದವು.

ಹೆಸರಿನಲ್ಲಿ ಅಂದರೆ ಏನು ಅಂತ ಹೇಳಬೇಕು. ನಮ್ಮ ಟೋಳಿಯಲ್ಲಿ, ಅಂದರೆ ಮೇಸ್ತ್ರಿಯ ಕೈಕೆಳಗಿನ ಗುಂಪಿನಲ್ಲಿ, ಒಂದು ಪದ್ಧತಿ. ಯಾವ ಕೆಲಸವಿರಲಿ, ಮೂಲೆಯ ಮೊದಲನೇ ಕಲ್ಲನ್ನು ಮೇಸ್ತ್ರಿ ತನ್ನ ಕೈಯಾರೆ ಕೂಡಿಸಬೇಕು. ಕೈ ಕಾಲು ತೊಳೆದು, ಗಿಲಾಯದ, ಅಂದರೆ ಕಲಸಿದ ಗಾರೆಯ, ಮೇಲೆ ಒಂದು ಚಿಟಿಕೆ ಅರಿಷಿಣ ಹಾಕಿ, ಗುಣ್ಯಾ ಹಿಡಿದು ನೋಡಿ ಕೂಡಿಸುವುದು. ಗುಣ್ಯಾ ಅಂದರೆ ಮೂಲೆ ನೆಟ್ಟಗಿದೆಯೋ ಇಲ್ಲವೋ ನೋಡುವ ಕಬ್ಬಿಣದ ಕಾಟಕೋನ. ಮೊದಲನೇ ಕಲ್ಲು ಯಾರ ಕೈಯದೋ ಇಡೀ ಫರಸಿ ಅವರದು. ಆಮೇಲೆ ಹತ್ತು ಜನ ಹಾಸಲಿ, ಹೊಗಳಿಕೆಯೂ ಅವರಿಗೆ, ಬೈಗುಳವೂ ಅವರಿಗೆ.

೧೯೭೦ರಲ್ಲಿ ಮಲಾಡ ಸ್ಟೇಶನ್ನಿನ ಹತ್ತಿರ ಉಡುಪಿ ಕಡೆಯ ವಾಸಣ್ಣ ಅನ್ನುವವರು ಹೋಟೆಲು ಹಾಕಿದರು. ಹತ್ತು ವರ್ಷ ಬೇರೆಯವರ ಹೋಟೆಲಿನಲ್ಲಿ ಮಸಾಲೆ ರುಬ್ಬಿ, ಸಪ್ಲೈ ಮಾಡಿ, ಈಗ ಸ್ವಂತದ್ದು. ನೆಲಕ್ಕೆ ಕಪ್ಪು ಬಿಳುಪು ಚೌಕ ಚೌಕ ಬೇಕು, ಒಂದೊಂದು ಅಡಿಯದು, ಅನ್ನುವುದು ಅವರ ಆಸೆ. ಬಿಳಿ ಮಾರ್ಬಲ್ ವ್ಯಾಪಾರಿಯ ಮಶೀನಿನಲ್ಲಿ ಕತ್ತರಿಸಿ ತಯಾರಾಗಿ ಬಂತು. ಕಪ್ಪು ಕಡಪಾ ಮಾತ್ರ ನಾವು ಕೈಯಲ್ಲಿ ಕಡಿಯಬೇಕು. ಉದ್ಘಾಟನೆಯ ಪೂಜೆಗೆ ಐದನೇ ದಿನಕ್ಕೆ ಮುಹೂರ್ತ ಗೊತ್ತಾಗಿತ್ತು.

ಮೇಸ್ತ್ರಿ ಮೊದಲನೇ ಕಲ್ಲು ಕೂಡಿಸಿದರು. ಅದು ಎಷ್ಟು ನೆಟ್ಟಗಿತ್ತೆಂದರೆ ಇವತ್ತಿಗೂ ನನ್ನ ಕಣ್ಣಲ್ಲಿದೆ. ಅದೇ ಮಧ್ಯಾಹ್ನ ಅವರಿಗೆ ದಮ್ಮು ಹತ್ತಿತು. ಕಲ್ಲಿನ ಧೂಳು ಎಷ್ಟೋ ವರ್ಷದಿಂದ ಎದೆಯಲ್ಲಿ ಕೂತಿತ್ತು. ಮೂರು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಹೋಗುವಾಗ ಕಟ್ಟಿಗೆಯ ಅಚ್ಚು ನನ್ನ ಕೈಗೆ ಕೊಟ್ಟರು. ನಾಲ್ಕು ಪಟ್ಟಿ ಮೊಳೆ ಹೊಡೆದು ಕೂಡಿಸಿದ ಚೌಕಟ್ಟು, ಅದರ ಮೇಲೆ ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ. ಅದನ್ನು ಕಲ್ಲಿನ ಮೇಲಿಟ್ಟು ಒಳಬದಿಗೆ ಗೆರೆ ಎಳೆದು ಕಡಿಯುವುದು. ಓರೆಪಟ್ಟಿಯ ಮೇಲೆ ಬೆರಳಿನಿಂದ ತಟ್ಟಿ, "ಇದು ಇರ್ಲಿ" ಅಂದರು. ಯಾಕೆ ಅಂತ ಹೇಳಲು ಅವರಿಗೆ ಉಸಿರು ಇರಲಿಲ್ಲ. ಯಾಕೆ ಅಂತ ಕೇಳಲು ನನಗೆ ಪುರಸೊತ್ತು ಇರಲಿಲ್ಲ.

ಆ ಓರೆಪಟ್ಟಿ ಎರಡು ಮೂಲೆಗೆ ಅಡ್ಡ ಬರುತ್ತಿತ್ತು. ಪ್ರತಿ ಕಲ್ಲಿಗೂ ಅಚ್ಚು ಎತ್ತಿ, ಆ ಎರಡು ಮೂಲೆಯ ಗೆರೆ ಬೇರೆಯಾಗಿ ಕೂಡಿಸಬೇಕು. ಎರಡನೇ ದಿನ ಬೆಳಿಗ್ಗೆ ನಾನು ಮೊಳೆ ಕಿತ್ತು ಓರೆಪಟ್ಟಿ ಬಿಚ್ಚಿಟ್ಟೆ. ಕೆಲಸ ಭರಭರ ಸಾಗಿತು. ನಡುನಡುವೆ ಟೇಪು ಹಿಡಿದು ನೋಡಿದೆ ಕೂಡ. ನಾಲ್ಕೂ ಬದಿ ಸರಿಯಾಗಿ ಒಂದೊಂದು ಅಡಿ. ಶಾಲೆಯ ಪಾಠ ನೆನಪಾಯಿತು, ನಾಲ್ಕೂ ಬದಿ ಸಮ ಇದ್ದರೆ ಚೌಕ. ಹೆಬ್ಬೆಟ್ಟಿನ ಮೇಸ್ತ್ರಿಗೆ ಇಷ್ಟು ತಿಳಿಯಲಿಲ್ಲವಲ್ಲ, ಸುಮ್ಮನೆ ಇಷ್ಟು ವರ್ಷ ಒಂದು ಪಟ್ಟಿ ಹೆಚ್ಚಿಗೆ ಹೊತ್ತರು ಅಂದುಕೊಂಡೆ.

ಒಂದೇ ಮೂಲೆ ಹಿಡಿದು ಎತ್ತಿ ಎತ್ತಿ ಇಡುವಾಗ ಅಚ್ಚು ಸ್ವಲ್ಪ ಸ್ವಲ್ಪವೇ ವಾಲಿತ್ತು. ಕಣ್ಣಿಗೆ ಕಾಣುವಷ್ಟಲ್ಲ. ಹಾಸುತ್ತ ಹೋದ ಹಾಗೆ ಸಂದುಗಳು ಒಂದು ಕಡೆ ಬಿಗಿ, ಇನ್ನೊಂದು ಕಡೆ ಬಾಯಿ ಬಿಟ್ಟವು. ಸಿಮೆಂಟು ತುಂಬಿದೆ. ಏಳನೇ ಸಾಲಿಗೆ ಗೆರೆ ದುಡ್ಡು ಎಣಿಸುವ ಗಲ್ಲೆಯ ಕಡೆಗೆ ಹೊರಳಿತು. ನಮ್ಮವನೊಬ್ಬ, "ಭೀಮ್ಯಾ, ಯಾಕೋ ಓಡೇತಲ್ಲಪಾ ಇದು" ಅಂದ.

"ಗ್ವಾಡಿ ಸೊಟ್ಟ ಐತಿ" ಅಂದೆ ನಾನು. "ಮುಂಬಯಿ ಗ್ವಾಡಿ ಯಾವ್ದು ನೆಟ್ಟಗ ಇರ್ತದ?"

ಮೂರನೇ ದಿನ ಸಂಜೆ ಹೊತ್ತಿಗೆ ನೆಲ ಮುಗಿಯಿತು. ನಾಲ್ಕನೇ ದಿನ ಬೆಳಿಗ್ಗೆ ಮೇಸ್ತ್ರಿ ಆಸ್ಪತ್ರೆಯಿಂದ ಸೀದಾ ಹೋಟೆಲಿಗೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಅವರ ಹಿಂದೆಯೇ ವಾಸಣ್ಣ, ಅವರ ಹಿಂದೆ ನಮಗೆ ಕೆಲಸ ಕೊಡಿಸುವ ಠೇಕೇದಾರ. ಬೆಳಿಗ್ಗೆ ಬೆಳಕು ಬಾಗಿಲಿನಿಂದ ಓರೆಯಾಗಿ ಬೀಳುತ್ತಿತ್ತು, ಎಲ್ಲಾ ಸಾಲೂ ಬಯಲಾಗಿ ಕಂಡಿತು.

"ಎಂತ ಮಾರಾಯ್ರೆ ಇದು?" ಅಂದರು ವಾಸಣ್ಣ. "ನಾನು ಚೌಕ ಕೇಳಿದ್ದು, ನೀವು ಗಾಳಿಪಟ ಹಾಕಿದ್ದೀರಲ್ಲ! ಇಡ್ಲಿ ತಿನ್ನುವವರು ತಲೆ ವಾಲಿಸಿ ಕೂತುಕೊಳ್ಳಬೇಕಾ ಇಲ್ಲಿ?"

ಮೇಸ್ತ್ರಿ ಸೊಂಟದಿಂದ ದಾರ ತೆಗೆದು ಒಂದು ಕಪ್ಪು ಕಲ್ಲಿನ ಮೇಲೆ ಮೂಲೆಯಿಂದ ಮೂಲೆಗೆ ಹಿಡಿದರು. ಅದೇ ಅಳತೆಯ ದಾರವನ್ನು ಉಳಿದ ಎರಡು ಮೂಲೆಗೆ ಹಿಡಿದರು. ಅರ್ಧ ಬೆರಳು ಸಾಲಲಿಲ್ಲ. ನಾಲ್ಕೂ ಬದಿ ಸಮ ಇದ್ದೂ ಅದು ಚೌಕ ಆಗಿರಲಿಲ್ಲ. ನಾಲ್ಕೂ ಮೂಲೆ ನೆಟ್ಟಗಿರಬೇಕು. ಮಾಸ್ತರರ "ಮತ್ತು" ಅದು.

ಠೇಕೇದಾರ ಮರಾಠಿಯವರು. "ಪಹಿಲಾ ದಗಡ ಕೋಣೀ ಬಸವಲಾ?" ಅಂದರು. ಮೊದಲನೇ ಕಲ್ಲು ಕೂಡಿಸಿದವರು ಯಾರು? ಪದ್ಧತಿ ಅವರಿಗೂ ಗೊತ್ತಿತ್ತು.

"ನಾನಽ" ಅಂದರು ಮೇಸ್ತ್ರಿ.

ಆಸ್ಪತ್ರೆಯಲ್ಲಿದ್ದೆ ಅಂತ ಅವರು ಹೇಳಲಿಲ್ಲ. ಹೇಳಿದರೆ ಪದ್ಧತಿ ಮುರಿದಂತೆ. ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ನೀ ಸುಮ್ಮನಿರು ಅಂತ ಯಾರೂ ನನಗೆ ಹೇಳಿರಲಿಲ್ಲ. ಬಾಯಿ ತೆರೆಯಲು ಜಾಗ ಇತ್ತು, ಹೊತ್ತೂ ಇತ್ತು. ನಾನು ಉಗುರಿನೊಳಗಿನ ಸಿಮೆಂಟು ಕೆರೆಯುತ್ತ ನಿಂತೆ.

ಮುಹೂರ್ತ ಮರುದಿನ. ಕೀಳಲು ಸಮಯ ಇರಲಿಲ್ಲ. "ಇರಲಿ ಬಿಡಿ, ಮೇಜು ಇಟ್ಟು ಮುಚ್ಚುವ" ಅಂತ ವಾಸಣ್ಣ ಸೋತ ಮುಖದಲ್ಲಿ ಅಂದರು. ಠೇಕೇದಾರ ಸಾಬಣ್ಣ ಮೇಸ್ತ್ರಿಗೆ, ಇನ್ನು ಮುಂದೆ ನಿನಗೆ ಫರಸಿ ಕೆಲಸ ಇಲ್ಲ, ಖಣಿಗೆ ಹೋಗಿ ಕಲ್ಲು ಕೆತ್ತು ಅಂದರು. ಆಮೇಲೆ ನನ್ನ ಕಡೆ ತಿರುಗಿ, ನೀನು ಟೋಳಿ ಸಂಭಾಳಿಸ್ತೀಯಾ ಅಂತ ಕೇಳಿದರು. ನಾನು ಗೋಣು ಹಾಕಿದೆ. ನಾನು ಮೇಸ್ತ್ರಿ ಆದದ್ದು ಹೀಗೆ. ಬಡ್ತಿಯ ಬಗ್ಗೆ ಇಷ್ಟೇ ಬರೆಯುತ್ತೇನೆ.

ಅವರಿಬ್ಬರೂ ಹೋದ ಮೇಲೆ ಸಾಬಣ್ಣ ನನ್ನನ್ನು ಕರೆದು ಕೂಡಿಸಿಕೊಂಡರು. ಬೈಯುತ್ತಾರೆ ಅಂದುಕೊಂಡೆ. ಅಚ್ಚು ಕೈಗೆ ತಗೊಂಡು ಎರಡು ಮೂಲೆ ಒತ್ತಿದರು, ಅದು ವಾಲಿತು. ಬಿಚ್ಚಿಟ್ಟ ಓರೆಪಟ್ಟಿ ಹುಡುಕಿ ತರಿಸಿ, ಗುಣ್ಯಾ ಇಟ್ಟು ಮೂಲೆ ನೆಟ್ಟಗೆ ಮಾಡಿ, ಮೊಳೆ ಹೊಡೆದು, ಮತ್ತೆ ಒತ್ತಿದರು. ಅಲ್ಲಾಡಲಿಲ್ಲ.

"ನಾಕು ಕೋಲು ಕೂಡಿಸಿದ್ರ ವಾಲತದ. ಮೂರು ಕೂಡಿಸಿದ್ರ ವಾಲೂದಿಲ್ಲ. ಓರೆಪಟ್ಟಿ ಹಾಕಿದ್ರ ಒಂದು ಚೌಕ ಎರಡು ತ್ರಿಕೋಣ ಆಗತದ. ಗಟ್ಟಿ ಇರೂದು ಅದಕ್ಕಽ. ತಿಳೀತಿಲ್ಲೋ?"

"ತಿಳೀತ್ರಿ."

"ಮೂರು, ನಾಕು, ಐದು ನೆನಪೈತೇನು?"

"ಐತ್ರಿ."

ಇದು ನಿಮಗೂ ಬೇಕು, ಬರೆದುಕೊಳ್ಳಿ. ಮೂಲೆಯಿಂದ ಒಂದು ಗೋಡೆಯ ಮೇಲೆ ಮೂರು ಅಡಿ, ಇನ್ನೊಂದರ ಮೇಲೆ ನಾಲ್ಕು ಅಡಿ ಗುರುತು ಹಾಕಿ. ಎರಡು ಗುರುತಿನ ನಡುವೆ ದಾರ ಐದು ಅಡಿ ಬಂದರೆ ಮೂಲೆ ನೆಟ್ಟಗಿದೆ. ಗುಣ್ಯಾ ಕಳೆದುಹೋದರೂ ಈ ಲೆಕ್ಕ ಕಳೆಯುವುದಿಲ್ಲ. ಅವರು ಆವತ್ತು ಅವರ ಗುಣ್ಯಾ ನನ್ನ ಮುಂದೆ ಇಟ್ಟು, "ಖಣ್ಯಾಗ ಇದರದೇನು ಕೆಲಸ" ಅಂದು ಎದ್ದು ಹೋದರು. ನಾನು ಅದನ್ನೂ ತೆಗೆದುಕೊಂಡೆ.

ಆಮೇಲಿನ ವರ್ಷಗಳು ಒಂದರ ಹಾಗೆ ಒಂದು. ಬೆಳಿಗ್ಗೆ ಲೋಕಲ್, ಸಂಜೆ ಲೋಕಲ್, ನಡುವೆ ಮಂಡಿ. ಪವಾಯಿ ಕೆರೆಯ ಹತ್ತಿರ ಒಂದು ಬಂಗಲೆಯಲ್ಲಿ ದುಂಡು ಕಟ್ಟೆಗೆ ಆರು ಸಮ ಭಾಗದ ನಕ್ಷೆ ಬೇಕಿತ್ತು. ಅಲ್ಲಿನ ಎಂಜಿನಿಯರ್ ಅರ್ಧ ದಿನ ಕಾಗದದ ಮೇಲೆ ಕೋನ ಹಾಕುತ್ತ ಕೂತ. ನಾನು ವೃತ್ತ ಎಳೆದ ದಾರವನ್ನೇ, ಉದ್ದ ಬದಲಿಸದೆ, ಅಂಚಿನ ಮೇಲೆ ಇಡುತ್ತ ಬಂದೆ. ಸರಿಯಾಗಿ ಆರನೆಯದಕ್ಕೆ ಹೊರಟ ಜಾಗಕ್ಕೆ ಬಂದು ನಿಂತಿತು. "ಯಾರು ಕಲಿಸಿದರು?" ಅಂತ ಆತ ಕೇಳಿದ. ಸಾಬಣ್ಣ ಅನ್ನುವ ಹೆಸರು ನಾಲಗೆಯ ತುದಿಗೆ ಬಂತು. "ಅನುಭವ ಸಾಹೇಬ್ರ" ಅಂದೆ.

ಅಷ್ಟೊತ್ತಿಗೆ ಆ ಹೆಸರು ನಾಕಾದಲ್ಲಿ ಗಾದೆ ಆಗಿತ್ತು. ಒಮ್ಮೆ ನನ್ನ ಟೋಳಿಯವನೇ ಒಬ್ಬ ಅಡ್ಡಾದಿಡ್ಡಿ ಸಾಲು ಹಾಕಿದ. ಇನ್ನೊಬ್ಬ, "ಭಲೇ, ಸಾಬಣ್ಣನ ಫರಸಿ!" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ಬರಹದಲ್ಲಿ ಬರೆಯಲು ಎಲ್ಲಕ್ಕಿಂತ ಕಷ್ಟವಾದ ವಾಕ್ಯ ಇದೇ.

೧೯೭೪ರಲ್ಲಿ ಮಲಾಡದ ಖಣಿಗೆ ಕಲ್ಲು ಆರಿಸಲು ಹೋದೆ. ಆ ಕಡೆಯ ಕಲ್ಲು ಹಳದಿ ಛಾಯೆಯದು, ಊರಿನ ಎಷ್ಟೋ ಹಳೇ ಕಟ್ಟಡಗಳು ಅದರವೇ. ಅಲ್ಲಿ ತಟ್ಟಿನ ಚಪ್ಪರದ ಕೆಳಗೆ ಸಾಬಣ್ಣ ಕೂತು ಕೆತ್ತುತ್ತಿದ್ದರು. ಮೈಮೇಲೆಲ್ಲ ಹಳದಿ ಧೂಳು, ಬಾಯಿಗೆ ಒಂದು ಚಿಂದಿ ಕಟ್ಟಿದ್ದರು. ಒಂದು ಪೆಟ್ಟು ಹಾಕುವುದು, ಎರಡು ಸಲ ಉಸಿರು ಎಳೆಯುವುದು.

ನಾನು ಎದುರಿಗೆ ಕೂತೆ. ನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಹೇಳಿದೆ. ಓರೆಪಟ್ಟಿ ನಾನೇ ಬಿಚ್ಚಿದ್ದೆ, ಹೇಳಬೇಕಿತ್ತು, ಹೇಳಲಿಲ್ಲ ಅಂದೆ. ಅವರು ಕೆತ್ತುವುದು ನಿಲ್ಲಿಸಿ ಚಿಂದಿ ಸರಿಸಿದರು.

"ನನಗ್ಯಾಕ ಹೇಳ್ತಿ ಭೀಮ್ಯಾ? ಬಾಗಲದಾಗ ನಿಂತಾಗಽ ನನಗ ಗೊತ್ತಾಗಿತ್ತು" ಅಂದರು. "ಗೊತ್ತಿಲ್ಲದವರಿಗೆ ಹೇಳು."

ಮತ್ತೆ ಚಿಂದಿ ಕಟ್ಟಿಕೊಂಡರು. ಕ್ಷಮಿಸಿದೆ ಅನ್ನಲಿಲ್ಲ. ನಾನು ಏಳುವಾಗ, "ಆ ಕಡೆ ಗುಂಪಿಂದು ಒಯ್ಯಬ್ಯಾಡ, ಬದ್ ಅಂತಾವು. ಈ ಕಡೀದು ಒಯ್ಯಿ" ಅಂದರು. ಮರುವರ್ಷ ಊರಿಗೆ ಹೋದರು. ಅಲ್ಲೇ ತೀರಿಕೊಂಡರು ಅಂತ ಯಾರೋ ಹೇಳಿದರು.

ಗೊತ್ತಿಲ್ಲದವರಿಗೆ ನಾನು ಹೇಳಲಿಲ್ಲ. ಹೇಳಿದರೆ ಮೇಸ್ತ್ರಿಗಿರಿ ಹೋಗುತ್ತದೆ ಅನ್ನುವ ಭಯ ಮೊದಮೊದಲು. ಮಕ್ಕಳು ದೊಡ್ಡವಾದ ಮೇಲೆ ಅವರ ಮುಂದೆ ಮರ್ಯಾದೆ ಹೋಗುತ್ತದೆ ಅನ್ನುವ ಭಯ. ಆಮೇಲಾಮೇಲೆ ಬರೀ ಆಯಾಸ. ಕೆಲಸವೂ ಬದಲಾಯಿತು. ಸಿಮೆಂಟಿನ ಮೊಸಾಯಿಕ್ ಬಿಲ್ಲೆ ಬಂದವು, ಕರೆಂಟಿನ ಕಟರ್ ಬಂತು. ಅಚ್ಚು ಬೇಡ, ಓರೆಪಟ್ಟಿ ಬೇಡ. ಮಶೀನಿನಿಂದ ಮೂಲೆ ನೆಟ್ಟಗೆ ಬರುತ್ತದೆ, ಧೂಳು ಹತ್ತು ಪಟ್ಟು ಬರುತ್ತದೆ. ತಮ್ಮಂದಿರಾ, ಬೇರೆ ಏನು ಮರೆತರೂ ಇದು ಮರೆಯಬೇಡಿ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಕಲ್ಲಿಗೆ ನೀರು ಹಾಕಿ ಕತ್ತರಿಸಿ. ಕಟರ್ ಸದ್ದಿನಲ್ಲಿ ಕೆಮ್ಮು ಕೇಳಿಸುವುದಿಲ್ಲ, ಹಾಗಂತ ಕೆಮ್ಮೇ ಇಲ್ಲ ಅಂದುಕೊಳ್ಳಬೇಡಿ.

ವಾಸಣ್ಣನ ಹೋಟೆಲಿಗೆ ನಾನು ಚಹಾಕ್ಕೆ ಹೋಗುತ್ತಲೇ ಇದ್ದೆ. ಗಲ್ಲೆಯ ಹತ್ತಿರ ಹೊರಳಿದ ಆ ಸಾಲು ಮೇಜಿನ ಕಾಲುಗಳ ನಡುವೆ ಕಾಣುತ್ತಿತ್ತು. ಈ ವರ್ಷ ಅವರ ಮೊಮ್ಮಗ ನೆಲ ಕೀಳಿಸಿ ಹೊಳೆಯುವ ಟೈಲ್ಸ್ ಹಾಕಿಸುತ್ತಿದ್ದಾನೆ ಅಂತ ಗೊತ್ತಾಗಿ ಹೋದೆ. ಕಿತ್ತ ಕಲ್ಲು ಬಾಗಿಲಲ್ಲಿ ರಾಶಿ ಬಿದ್ದಿತ್ತು. ಅದರಲ್ಲಿ ಒಂದು ಕಪ್ಪು ಕಲ್ಲು ನನಗೆ ಕೊಡು ಅಂತ ಮೊಮ್ಮಗನನ್ನು ಕೇಳಿದೆ. ಆ ಹುಡುಗ ಕನ್ನಡ ತಡವರಿಸಿ ಆಡುತ್ತಾನೆ. "ಅಂಕಲ್, ಏ ಪುರಾನಾ ಪತ್ಥರ್... ಈ ಹಳೇ ಕಲ್ಲು ನಿಮಗೆ ಯಾಕೆ ಬೇಕು?"

"ಇದು ನಾ ಹಾಸಿದ್ದಪಾ" ಅಂದೆ. "ನಾನು. ಬೇರೆ ಯಾರೂ ಅಲ್ಲ."

ಹುಡುಗನಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. "ಓಕೆ ಅಂಕಲ್, ತಗೊಳ್ಳಿ" ಅಂದ. ನಾನು ಆ ಮಾತನ್ನು ಬಾಯಿ ಬಿಟ್ಟು ಆಡಿದ್ದು ಖಣಿಯ ಆ ದಿನದ ಮೇಲೆ ಅದೇ ಮೊದಲು. ಮನೆಗೆ ಬಂದು ಬರೆಯಲು ಕೂತೆ. ನಾಕಾದಲ್ಲಿ ಇನ್ನು ಮೇಲೆ ಆ ಗಾದೆ ಆಡುವವರು ಭೀಮಶಿಯ ಫರಸಿ ಅನ್ನಿ. ಬಾಯಿಗೆ ಅಷ್ಟು ಸಲೀಸಾಗಿ ಬರುವುದಿಲ್ಲ, ಆದರೂ ರೂಢಿ ಮಾಡಿಕೊಳ್ಳಿ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮಲಾಡದಲ್ಲಿ ಒಂದು ಖೋಲಿ. ಮಡಚಲು ಬಾರದ ಎರಡು ಮಂಡಿ. ಉಳಿ ಎರಡು, ಸುತ್ತಿಗೆ ಒಂದು, ದಾರದ ಉಂಡೆ ಒಂದು. ಸಾಬಣ್ಣ ಮೇಸ್ತ್ರಿಯ ಗುಣ್ಯಾ ಒಂದು. ನಾಲ್ಕೂ ಬದಿ ಸರಿಯಾಗಿ ಒಂದೊಂದು ಅಡಿ ಇರುವ, ಚೌಕವಲ್ಲದ, ಕರಿ ಕಡಪಾ ಕಲ್ಲು ಒಂದು.